ಜೀರ್ಣವಾಗದ ವಾತಾಪಿ: ಜಠರದ ಬ್ಯಾಕ್ಟೀರಿಯವೊಂದು ಔಷಧಗಳನ್ನು ಎದುರಿಸಿದ ಚರಿತ್ರೆ

ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿರುವ ಚೊಳಚಗುಡ್ಡದ ಹೆಸರನ್ನು ನೀವು ಕೇಳಿರದಿದ್ದರೂ ಅಲ್ಲಿಯ ಬನಶಂಕರಿ ದೇವಾಲಯದ ಹೆಸರನ್ನು ಕೇಳಿಯೇ ಇರುತ್ತೀರಿ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಅಲ್ಲಿ ತೇರು, ಅನಂತರ ವಾರಗಟ್ಟಲೆ ಜಾತ್ರೆ. ನಾಟಕ ಕಂಪನಿಗಳು ಅಲ್ಲೇ ಬಿಡಾರ ಹೂಡುತ್ತವೆ. ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಕೆಂಪು ಖಾರದ ಚಟ್ನಿ, ಗಟ್ಟಿ ಮೊಸರು ತಂದು ಬಂದವರಿಗೆ ಊಟ ಬಡಿಸುತ್ತಾರೆ. ರಾತ್ರಿ ನಾಟಕ ನೋಡಲು ಹೊರಟವರ ಕೈಯಲ್ಲಿ ಮಿರ್ಚಿ ಭಜಿ, ಚುರುಮುರಿ. ಇಂಥ ಯಾವುದೇ ಜಾತ್ರೆಯ ಮರುದಿನ ಕೆಲವರಿಗೆ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ. ಇನ್ನು ಕೆಲವರಿಗೆ ಭೇದಿ. 'ಹೊಟ್ಟಿ ಕೆಟ್ಟೈತ್ರಿ, ಎರಡು ಗುಳಗಿ ಕೊಡ್ರಿ' ಎಂದು ಔಷಧದ ಅಂಗಡಿಯಲ್ಲಿ ಕೇಳುತ್ತೇವೆ. ಗುಳಿಗೆ ಸಿಗುತ್ತದೆ, ಎರಡು ದಿನಕ್ಕೆ ಹೊಟ್ಟೆಯೂ ಸರಿಹೋಗುತ್ತದೆ. ಆ ವಿಷಯವನ್ನು ನಾವು ಅಲ್ಲಿಗೆ ಮರೆತುಬಿಡುತ್ತೇವೆ.

ಆದರೆ ನಮ್ಮ ಜಠರದೊಳಗೆ ಅದನ್ನು ಮರೆಯದ ಜೀವಿಯೊಂದು ಇರಬಹುದು. ಈ ಲೇಖನ ಆ ಜೀವಿಯ ಮತ್ತು ಆ ಎರಡು ಗುಳಿಗೆಗಳ ಚರಿತ್ರೆ.

ಬಾದಾಮಿಯ ಹಳೆಯ ಹೆಸರು ವಾತಾಪಿ. ಆ ಹೆಸರಿನ ಹಿಂದಿರುವ ಕಥೆಯನ್ನು ನೀವು ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಇಲ್ವಲ ಮತ್ತು ವಾತಾಪಿ ಎಂಬ ಇಬ್ಬರು ದೈತ್ಯ ಸಹೋದರರು. ವಾತಾಪಿ ಆಡಿನ ರೂಪ ತಾಳುತ್ತಿದ್ದ. ಇಲ್ವಲ ಅವನನ್ನು ಕೊಂದು, ಬೇಯಿಸಿ, ಅತಿಥಿಗಳಿಗೆ ಬಡಿಸಿ, ಊಟವಾದ ಮೇಲೆ ತಮ್ಮನ ಹೆಸರು ಹಿಡಿದು ಕೂಗುತ್ತಿದ್ದ. ವಾತಾಪಿ ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಬರುತ್ತಿದ್ದ. ಅಗಸ್ತ್ಯರು ಮಾತ್ರ ಇಲ್ವಲ ಕೂಗುವ ಮೊದಲೇ ಹೊಟ್ಟೆ ಸವರಿಕೊಂಡು ಅವನನ್ನು ಜೀರ್ಣಿಸಿಕೊಂಡರು. ಇಂದಿಗೂ ಮಕ್ಕಳಿಗೆ ಉಣಿಸಿದ ತಾಯಂದಿರು ಹೊಟ್ಟೆ ನೀವುತ್ತ ವಾತಾಪಿಯ ಹೆಸರು ಹೇಳುವುದುಂಟು. ಜಠರದಲ್ಲಿ ಜೀರ್ಣವಾಗದೆ ಉಳಿಯುವ, ಎಷ್ಟು ಸಲ ಕೊಂದರೂ ಮತ್ತೆ ಎದ್ದು ಬರುವ ಜೀವಿ ಕಥೆಯಲ್ಲಿ ಮಾತ್ರವಲ್ಲ, ವಾಸ್ತವದಲ್ಲೂ ಇದೆ. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ.

ಆಮ್ಲವೇ ಅಪರಾಧಿ ಎಂಬ ಕಾಲ

ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗದಲ್ಲಿ ಆಗುವ ಹುಣ್ಣಿಗೆ ಜಠರದ ಆಮ್ಲವೇ ಕಾರಣವೆಂದು ವೈದ್ಯರು ಬಹುಕಾಲ ನಂಬಿದ್ದರು. 1910ರಲ್ಲಿ ಕಾರ್ಲ್ ಶ್ವಾರ್ಟ್ಸ್ ಎಂಬ ವೈದ್ಯ, ಆಮ್ಲವಿಲ್ಲದಿದ್ದರೆ ಹುಣ್ಣೂ ಇಲ್ಲ ಎಂಬ ಅರ್ಥದ ಸೂತ್ರವನ್ನು ಮುಂದಿಟ್ಟ. ಅದು ಎಪ್ಪತ್ತು ವರ್ಷ ವೈದ್ಯಶಾಸ್ತ್ರವನ್ನು ಆಳಿತು. ಆಮ್ಲ ಹೆಚ್ಚಲು ಖಾರ, ಕಾಫಿ, ಸಿಟ್ಟು, ಚಿಂತೆ ಇವೇ ಕಾರಣವೆಂದು ಜನರೂ ವೈದ್ಯರೂ ಒಪ್ಪಿದ್ದರು. ಹಾಲು ಮತ್ತು ಸಪ್ಪೆ ಊಟ ಪಥ್ಯವಾಯಿತು. ಹುಣ್ಣು ಮಾಯದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಜಠರದ ಒಂದು ಭಾಗವನ್ನೇ ತೆಗೆಯುತ್ತಿದ್ದರು, ಇಲ್ಲವೆ ಆಮ್ಲ ಸ್ರವಿಸುವಂತೆ ಪ್ರಚೋದಿಸುವ ನರವನ್ನು ಕತ್ತರಿಸುತ್ತಿದ್ದರು.

ಈ ಚರಿತ್ರೆಯಲ್ಲಿ ನಮ್ಮ ಮೈಸೂರಿಗೂ ಒಂದು ಸ್ಥಾನವಿದೆ. 1950 ಮತ್ತು 60ರ ದಶಕಗಳಲ್ಲಿ ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಫ್ರ್ಯಾಂಕ್ ಟೋವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ಕೆಲಸ ಮಾಡುತ್ತಿದ್ದರು. ಜನ ಆ ಆಸ್ಪತ್ರೆಯನ್ನು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಹುಣ್ಣಿನ ರೋಗಿಗಳನ್ನು ನೋಡುತ್ತ ಟೋವಿಯವರಿಗೆ ಒಂದು ಪ್ರಶ್ನೆ ಹುಟ್ಟಿತು: ಈ ರೋಗ ದೇಶದ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಇದೆಯೆ? ಅವರು ಕಲೆಹಾಕಿದ ಮಾಹಿತಿ 1979ರಲ್ಲಿ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಕ್ಕಿ ಮುಖ್ಯ ಆಹಾರವಾದ ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿ ಹುಣ್ಣು ಹೆಚ್ಚು; ಗೋಧಿ ತಿನ್ನುವ ಪಂಜಾಬಿನಂಥ ಕಡೆ ಕಡಿಮೆ. ಮುಂದೆ ಟೋವಿ ಮತ್ತು ಅವರ ಸಹೋದ್ಯೋಗಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ, ಹುರುಳಿಯಂಥ ಕಾಳುಗಳ ಕೊಬ್ಬಿನಂಶಕ್ಕೆ ಜಠರದ ಒಳಪೊರೆಯನ್ನು ಕಾಪಾಡುವ ಗುಣವಿದೆ ಎಂದು ತೋರಿಸಿದರು.

ಟೋವಿಯವರ ಸಮೀಕ್ಷೆ ಪ್ರಕಟವಾದ ವರ್ಷವನ್ನು ನೆನಪಿಟ್ಟುಕೊಳ್ಳಿ: 1979. ಅದೇ ವರ್ಷ ಆಸ್ಟ್ರೇಲಿಯದ ಪಶ್ಚಿಮ ತೀರದ ಪರ್ತ್ ನಗರದಲ್ಲಿ ಇನ್ನೊಬ್ಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ವಿಚಿತ್ರವಾದುದೊಂದನ್ನು ಕಂಡರು.

ಈಸ್ಟರ್ ರಜೆಯ ಕೊಡುಗೆ

ರಾಯಲ್ ಪರ್ತ್ ಆಸ್ಪತ್ರೆಯ ರಾಬಿನ್ ವಾರೆನ್ ರೋಗನಿದಾನ ತಜ್ಞರು. ರೋಗಿಗಳ ಜಠರದಿಂದ ತೆಗೆದ ಅಂಗಾಂಶದ ತುಣುಕುಗಳನ್ನು ಪರೀಕ್ಷಿಸುವುದು ಅವರ ನಿತ್ಯದ ಕೆಲಸ. ಉರಿಯೂತವಾದ ಒಳಪೊರೆಗೆ ಅಂಟಿಕೊಂಡಂತೆ ಬಾಗಿದ, ಸುರುಳಿಯಾಕಾರದ ಬ್ಯಾಕ್ಟೀರಿಯಗಳು ಅವರಿಗೆ ಕಂಡವು. ಇಂಥವನ್ನು ನೋಡಿದವರಲ್ಲಿ ಅವರೇ ಮೊದಲಿಗರಲ್ಲ. ಇಟಲಿಯ ಬಿಟ್ಸೊಜೆರೊ 1893ರಲ್ಲಿ ನಾಯಿಗಳ ಜಠರದಲ್ಲಿ, ಪೋಲೆಂಡಿನ ಯಾವೋರ್ಸ್ಕಿ 1899ರಲ್ಲಿ ಮನುಷ್ಯರ ಜಠರದಲ್ಲಿ ಸುರುಳಿ ಜೀವಿಗಳನ್ನು ಕಂಡಿದ್ದರು. ಆದರೆ 1954ರಲ್ಲಿ ಅಮೆರಿಕದ ಪಾಮರ್ ಎಂಬಾತ 1180 ರೋಗಿಗಳ ಜಠರದ ತುಣುಕುಗಳನ್ನು ಪರೀಕ್ಷಿಸಿ, ಅಂಥ ಜೀವಿಗಳು ಅಲ್ಲಿ ಇಲ್ಲವೆಂದು ಘೋಷಿಸಿದ್ದ. ಅವನು ಬಳಸಿದ ಬಣ್ಣ ಆ ಬ್ಯಾಕ್ಟೀರಿಯಗಳನ್ನು ಸ್ಪಷ್ಟವಾಗಿ ತೋರಿಸುವಂಥದಲ್ಲ. ವಾರೆನ್ ಬೆಳ್ಳಿಯ ಲವಣದ ಬಣ್ಣ ಬಳಸಿದಾಗ ಅವು ಎದ್ದು ಕಂಡವು. ಆಮ್ಲ ತುಂಬಿದ ಜಠರದಲ್ಲಿ ಏನೂ ಬದುಕದು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಪಾಮರ್‌ನ ಮಾತನ್ನು ಮತ್ತೊಮ್ಮೆ ಪರೀಕ್ಷಿಸಲು ಯಾರೂ ಅವಸರಪಡಲಿಲ್ಲ.

1981ರಲ್ಲಿ ಯುವ ವೈದ್ಯ ಬ್ಯಾರಿ ಮಾರ್ಷಲ್ ವಾರೆನ್ ಜೊತೆಗೂಡಿದರು. ಆ ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಯತ್ನ ಪದೇ ಪದೇ ವಿಫಲವಾಯಿತು. ಎರಡು ದಿನದಲ್ಲಿ ಏನೂ ಬೆಳೆಯದಿದ್ದರೆ ತಟ್ಟೆಗಳನ್ನು ಎಸೆಯುವುದು ಪ್ರಯೋಗಾಲಯದ ಪದ್ಧತಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಸೆಯದೆ ಹಾಗೆಯೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಸಣ್ಣ ಸಣ್ಣ ಹನಿಗಳಂತೆ ಬ್ಯಾಕ್ಟೀರಿಯ ಬೆಳೆದಿತ್ತು. ಅದು ನಿಧಾನವಾಗಿ ಬೆಳೆಯುವ ಜೀವಿ. ಅದಕ್ಕೆ ಬೇಕಿದ್ದದ್ದು ಸಮಯ ಮಾತ್ರ.

ಇದೇ ರೋಗದ ಕಾರಣ ಎಂಬುದನ್ನು ಬಹಳಷ್ಟು ತಜ್ಞರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯದ ದ್ರವವನ್ನು ತಾವೇ ಕುಡಿದರು. ಕೆಲವು ದಿನಗಳಲ್ಲಿ ಹೊಟ್ಟೆ ತೊಳಸುವಿಕೆ, ವಾಂತಿ ಶುರುವಾಯಿತು. ಎಂಡೋಸ್ಕೋಪಿ ಮಾಡಿದಾಗ ಜಠರದ ಉರಿಯೂತವೂ ಬ್ಯಾಕ್ಟೀರಿಯವೂ ಕಂಡವು. ಅನಂತರ ಅವರು ತೆಗೆದುಕೊಂಡ ಔಷಧ ಟಿನಿಡಜೋಲ್. ಈ ಹೆಸರನ್ನೂ ನೆನಪಿಡಿ. ನಮ್ಮ ಜಾತ್ರೆಯ ಗುಳಿಗೆಯ ಹತ್ತಿರದ ಬಂಧು ಅದು.

1988ರಲ್ಲಿ ಮಾರ್ಷಲ್ ಮತ್ತು ಸಂಗಡಿಗರು 100 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಹೊರಬಂತು. ಬ್ಯಾಕ್ಟೀರಿಯ ಉಳಿದವರಲ್ಲಿ ಶೇಕಡ 84 ಮಂದಿಗೆ ಒಂದು ವರ್ಷದೊಳಗೆ ಹುಣ್ಣು ಮರುಕಳಿಸಿತ್ತು; ಬ್ಯಾಕ್ಟೀರಿಯ ನಾಶವಾದವರಲ್ಲಿ ಶೇಕಡ 21 ಮಂದಿಗೆ ಮಾತ್ರ. ಬಾಳಪೂರ್ತಿ ಕಾಡುವ ರೋಗ ಕೆಲವು ದಿನಗಳ ಔಷಧದಿಂದ ಗುಣವಾಗಬಲ್ಲುದು ಎಂದಾಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗ ಈ ಬ್ಯಾಕ್ಟೀರಿಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2005ರಲ್ಲಿ ವಾರೆನ್ ಮತ್ತು ಮಾರ್ಷಲ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಆಮ್ಲದ ನಡುವೆ ಬದುಕುವ ಉಪಾಯ

ಜಠರದ ಆಮ್ಲದ ಪಿಎಚ್ 1ರಿಂದ 2ರ ಆಸುಪಾಸು. ಅಲ್ಲಿ ಈ ಬ್ಯಾಕ್ಟೀರಿಯ ಬದುಕುವುದು ಹೇಗೆ? ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ. ನಮ್ಮ ಜಠರರಸದಲ್ಲಿ ಸ್ವಲ್ಪ ಯೂರಿಯ ಸದಾ ಇರುತ್ತದೆ. ಯೂರಿಯೇಸ್ ಅದನ್ನು ಅಮೋನಿಯ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಅಮೋನಿಯ ಪ್ರತ್ಯಾಮ್ಲೀಯವಾದುದರಿಂದ ಬ್ಯಾಕ್ಟೀರಿಯದ ಸುತ್ತಲಿನ ಆಮ್ಲ ತಟಸ್ಥವಾಗುತ್ತದೆ. ಅಷ್ಟರಲ್ಲಿ ಅದು ಕಶಾಂಗಗಳಿಂದ ಈಜುತ್ತ ಲೋಳೆಯ ಪದರವನ್ನು ಕೊರೆದು, ಆಮ್ಲ ಹೆಚ್ಚು ತಾಗದ ಆಳವನ್ನು ಸೇರಿಕೊಳ್ಳುತ್ತದೆ.

ಅಧ್ಯಾಪಕರೆ, ಇದನ್ನು ನೀವು ತರಗತಿಯಲ್ಲೇ ತೋರಿಸಬಹುದು. ಹಸಿ ಸೋಯಾ ಅವರೆ ಅಥವಾ ಕಲ್ಲಂಗಡಿ ಬೀಜಗಳಲ್ಲಿ ಯೂರಿಯೇಸ್ ಇರುತ್ತದೆ. ಒಂದಿಷ್ಟು ಬೀಜಗಳನ್ನು ಜಜ್ಜಿ ನೀರಿನಲ್ಲಿ ಕಲಸಿ ಸೋಸಿ. ಇನ್ನೊಂದು ಪ್ರನಾಳದಲ್ಲಿ ಹೊಲಕ್ಕೆ ಹಾಕುವ ಯೂರಿಯವನ್ನು ನೀರಿನಲ್ಲಿ ಕರಗಿಸಿ, ಎರಡು ಹನಿ ಫಿನಾಲ್ಫ್ತಲೀನ್ ಸೇರಿಸಿ. ದ್ರಾವಣಕ್ಕೆ ಬಣ್ಣವಿರುವುದಿಲ್ಲ. ಅದಕ್ಕೆ ಬೀಜದ ರಸ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಅಮೋನಿಯ ಹುಟ್ಟಿದಂತೆ ದ್ರಾವಣ ನಸುಗೆಂಪಾಗುತ್ತದೆ. ಬೀಜವಿಲ್ಲದ ನೀರು ಹಾಕಿದ ಪ್ರನಾಳವನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಆಸ್ಪತ್ರೆಗಳಲ್ಲಿ ಎಂಡೋಸ್ಕೋಪಿ ಮಾಡುವಾಗ ತೆಗೆದ ಅಂಗಾಂಶದ ತುಣುಕನ್ನು ಇದೇ ತತ್ತ್ವದಿಂದ ಪರೀಕ್ಷಿಸುತ್ತಾರೆ. ಉಸಿರಿನ ಪರೀಕ್ಷೆಗೂ ಇದೇ ಆಧಾರ: ಗುರುತು ಹಾಕಿದ ಕಾರ್ಬನ್ ಇರುವ ಯೂರಿಯವನ್ನು ರೋಗಿಗೆ ಕುಡಿಸಿ, ಉಸಿರಿನಲ್ಲಿ ಆ ಕಾರ್ಬನ್ ಬರುತ್ತದೆಯೆ ಎಂದು ನೋಡುತ್ತಾರೆ.

ಈ ಜೀವಿ ನಮಗೆ ಹೊಸ ನೆಂಟನಲ್ಲ. ಸುಮಾರು 60,000 ವರ್ಷಗಳ ಹಿಂದೆ ಮನುಷ್ಯರು ಆಫ್ರಿಕದಿಂದ ಹೊರಟಾಗಲೇ ಅದು ಅವರ ಹೊಟ್ಟೆಯಲ್ಲಿತ್ತು ಎಂಬುದು 2007ರ ತಳಿವಿಜ್ಞಾನದ ಅಧ್ಯಯನದ ತೀರ್ಮಾನ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, 5300 ವರ್ಷ ಹಿಂದಿನ 'ಹಿಮಮಾನವ'ನ ಜಠರದಲ್ಲಿಯೂ ಅದು ಪತ್ತೆಯಾಯಿತು. 2016ರಲ್ಲಿ ಅದರ ಜೀನೋಮ್ ಓದಿದಾಗ, ಇಂದು ಮಧ್ಯ ಮತ್ತು ದಕ್ಷಿಣ ಏಷ್ಯದಲ್ಲಿ ಕಾಣುವ ತಳಿಗಳಿಗೆ ಅದು ಹತ್ತಿರವಾಗಿತ್ತು. ಅದು ಬಹುಮಟ್ಟಿಗೆ ಬಾಲ್ಯದಲ್ಲೇ, ಮನೆಯವರಿಂದ ಮನೆಯವರಿಗೆ ಹರಡುತ್ತದೆ. ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯ ಇರುವ ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ಸ್ವಲ್ಪ ಭಾಗದವರಿಗೆ ಮಾತ್ರ ಹುಣ್ಣಾಗುತ್ತದೆ, ಇನ್ನೂ ಕಡಿಮೆ ಜನರಿಗೆ ಜಠರದ ಕ್ಯಾನ್ಸರ್ ಬರುತ್ತದೆ. ಟೋವಿಯವರ ಪ್ರಶ್ನೆ ಇಂದಿಗೂ ಜೀವಂತವಾಗಿರುವುದು ಇದರಿಂದಲೇ. ಭಾರತದ ಉತ್ತರದಲ್ಲೂ ದಕ್ಷಿಣದಲ್ಲೂ ಬ್ಯಾಕ್ಟೀರಿಯ ಸಾಮಾನ್ಯವಾಗಿದ್ದರೂ ಹುಣ್ಣಿನ ಪ್ರಮಾಣದಲ್ಲಿ ವ್ಯತ್ಯಾಸವಿತ್ತು. ಹಾಗಾದರೆ ಆಹಾರಕ್ಕೂ ಒಂದು ಪಾತ್ರವಿರಬೇಕು ಎಂಬುದು ಅವರ ವಾದವಾಗಿತ್ತು.

ಹೆಸರಿಡುವ ಮೊದಲೇ ಎದುರಾದ ಔಷಧ

ಈಗ ಗುಳಿಗೆಯ ಕಥೆಗೆ ಬರೋಣ. 1953ರಲ್ಲಿ ಜಪಾನಿನ ವಿಜ್ಞಾನಿಗಳು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಜೀವಿಯೊಂದರಿಂದ ಅಜೋಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರ ರಚನೆಯನ್ನು ಆಧಾರವಾಗಿಟ್ಟುಕೊಂಡು ಫ್ರಾನ್ಸಿನ ರೋನ್ ಪುಲೆಂಕ್ ಕಂಪನಿಯ ರಸಾಯನ ವಿಜ್ಞಾನಿಗಳು ಮೆಟ್ರೊನಿಡಜೋಲ್ ತಯಾರಿಸಿದರು. 1960ರ ಹೊತ್ತಿಗೆ ಅದು ಮಹಿಳೆಯರ ಟ್ರೈಕೊಮೊನಾಸ್ ಸೋಂಕಿಗೆ ಔಷಧವಾಗಿ ಬಂತು. 1962ರಲ್ಲಿ, ಈ ಔಷಧ ಪಡೆಯುತ್ತಿದ್ದ ರೋಗಿಯೊಬ್ಬರ ಒಸಡಿನ ಹುಣ್ಣೂ ವಾಸಿಯಾದುದರಿಂದ, ಅದು ಕೆಲವು ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆಂದು ಆಕಸ್ಮಿಕವಾಗಿ ತಿಳಿಯಿತು. 1966ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ನಗರದ ವೈದ್ಯರು ಅಮೀಬ ಆಮಶಂಕೆಗೂ ಅದು ಉತ್ತಮ ಔಷಧವೆಂದು ತೋರಿಸಿದರು.

ಆಮಶಂಕೆ ಉಷ್ಣವಲಯದ ದೇಶಗಳ ದೊಡ್ಡ ಪಿಡುಗು. ಹಾಗಾಗಿ ಮೆಟ್ರೊನಿಡಜೋಲ್ ನಮ್ಮಂಥ ದೇಶಗಳಲ್ಲಿ ಮನೆಮಾತಾಯಿತು. ಅಗ್ಗದ ಔಷಧ, ಕೆಲಸ ಮಾಡುವ ಔಷಧ, ಸಾವಿರಾರು ಜೀವ ಉಳಿಸಿದ ಔಷಧ. ಆದರೆ ಕ್ರಮೇಣ ಅಮೀಬ ಇದ್ದರೂ ಇಲ್ಲದಿದ್ದರೂ ಹೊಟ್ಟೆ ಕೆಟ್ಟಾಗಲೆಲ್ಲ ಅದನ್ನು ನುಂಗುವುದು ರೂಢಿಯಾಯಿತು. ಟಿನಿಡಜೋಲ್, ಆರ್ನಿಡಜೋಲ್ ಎಂಬ ಅದರ ಸೋದರರೂ ಅಂಗಡಿಗೆ ಬಂದರು.

ಈಗ ವರ್ಷಗಳನ್ನು ಜೋಡಿಸಿ ನೋಡಿ. ಮೆಟ್ರೊನಿಡಜೋಲ್ ಬಂದದ್ದು 1960ರಲ್ಲಿ. ಜಠರದ ಬ್ಯಾಕ್ಟೀರಿಯವನ್ನು ಬೆಳೆಸಿದ್ದು 1982ರಲ್ಲಿ. ಅದಕ್ಕೆ ಇಂದಿನ ಹೆಸರು ಸಿಕ್ಕಿದ್ದು 1989ರಲ್ಲಿ. ಅಂದರೆ ಈ ಜೀವಿ ಇದೆಯೆಂದು ಲೋಕಕ್ಕೆ ತಿಳಿಯುವ ಮೊದಲೇ 22 ವರ್ಷಗಳಷ್ಟು ಕಾಲ ಅದು ಈ ಔಷಧವನ್ನು ಎದುರಿಸುತ್ತಿತ್ತು. ಯಾರೂ ಅದನ್ನು ಗುರಿಯಾಗಿಟ್ಟು ಬಾಣ ಬಿಟ್ಟಿರಲಿಲ್ಲ. ಕರುಳಿನ ಅಮೀಬಕ್ಕೆ ಬಿಟ್ಟ ಬಾಣ ದಾರಿಯಲ್ಲಿ ಜಠರದ ಬ್ಯಾಕ್ಟೀರಿಯಕ್ಕೂ ತಾಗುತ್ತಿತ್ತು. ಒಂಟಿ ಔಷಧ, ಕೆಲವೇ ದಿನ. ದುರ್ಬಲ ಬ್ಯಾಕ್ಟೀರಿಯಗಳು ಸತ್ತವು. ಆಕಸ್ಮಿಕ ಉತ್ಪರಿವರ್ತನೆಯಿಂದ ಔಷಧವನ್ನು ತಾಳಿಕೊಳ್ಳುವಂಥವು ಉಳಿದು ವಂಶ ಬೆಳೆಸಿದವು.

ಇದು ಬರಿಯ ಊಹೆಯಲ್ಲ. 1991ರಲ್ಲಿ ಯುರೋಪಿನ ಹಲವು ಕೇಂದ್ರಗಳು ಒಟ್ಟಾಗಿ ನಡೆಸಿದ ಸಮೀಕ್ಷೆಯಲ್ಲಿ ಶೇಕಡ 27.5ರಷ್ಟು ತಳಿಗಳು ಮೆಟ್ರೊನಿಡಜೋಲನ್ನು ಪ್ರತಿರೋಧಿಸಿದವು. ಪ್ರತಿರೋಧ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಏಕೆ? ಟ್ರೈಕೊಮೊನಾಸ್ ಸೋಂಕಿಗೆ ಆ ಔಷಧವನ್ನು ಹೆಚ್ಚು ತೆಗೆದುಕೊಂಡವರು ಅವರು. 1994ರಲ್ಲಿ ಪೂರ್ವ ಲಂಡನ್ನಿನಲ್ಲಿ ನಡೆದ ಅಧ್ಯಯನದಲ್ಲಿ, ಬೇರೆ ದೇಶಗಳಿಂದ ವಲಸೆ ಬಂದವರಲ್ಲಿ ಪ್ರತಿರೋಧ ಬಹಳ ಹೆಚ್ಚಿತ್ತು. ಹಿಂದೆ ಈ ಗುಂಪಿನ ಔಷಧ ಸೇವಿಸಿದ್ದಕ್ಕೂ ಅದಕ್ಕೂ ಸಂಬಂಧ ಕಂಡಿತು. ನಿನ್ನೆಯ ಭೇದಿಯ ಗುಳಿಗೆ ನಾಳೆಯ ಹುಣ್ಣಿನ ಚಿಕಿತ್ಸೆಯನ್ನು ಕೆಡಿಸಬಲ್ಲುದು ಎಂಬುದು ಹೀಗೆ ಸ್ಪಷ್ಟವಾಯಿತು.

ಕೊಡಲಿಯ ಕಾವು

ಪ್ರತಿರೋಧ ಹುಟ್ಟುವ ಬಗೆಯೂ ಸ್ವಾರಸ್ಯಕರ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ನಿಮಗೆ ಗೊತ್ತು. ಮರ ಕಡಿಯುವ ಕೊಡಲಿಗೆ ಮರವೇ ಕಾವು ಒದಗಿಸುತ್ತದೆ. ಮೆಟ್ರೊನಿಡಜೋಲ್ ಕೂಡ ಕಾವಿಲ್ಲದ ಕೊಡಲಿ. ನುಂಗಿದ ರೂಪದಲ್ಲಿ ಅದು ನಿರಪಾಯಕಾರಿ. ಬ್ಯಾಕ್ಟೀರಿಯದ ಒಳಗಿರುವ ಒಂದು ಕಿಣ್ವ ಅದರ ನೈಟ್ರೊ ಗುಂಪನ್ನು ಅಪಕರ್ಷಿಸಿದಾಗ ಮಾತ್ರ ಅದು ಡಿಎನ್‌ಎಯನ್ನು ಕತ್ತರಿಸುವ ಅಸ್ತ್ರವಾಗುತ್ತದೆ. ಆ ಕಿಣ್ವಕ್ಕೆ ಸೂಚನೆ ಕೊಡುವ ಜೀನ್ ಯಾವುದೆಂದು 1998ರಲ್ಲಿ ಪತ್ತೆಯಾಯಿತು. ಅದರಲ್ಲಿ ಎಲ್ಲಿ ದೋಷ ಬಂದರೂ ಕಿಣ್ವ ಕೆಡುತ್ತದೆ, ಕೊಡಲಿಗೆ ಕಾವು ಸಿಗುವುದಿಲ್ಲ. ಆ ಕಿಣ್ವವಿಲ್ಲದೆಯೂ ಬ್ಯಾಕ್ಟೀರಿಯ ಬದುಕಬಲ್ಲುದು. ಕೆಡಿಸಲು ಅನೇಕ ದಾರಿಗಳು, ಕೆಟ್ಟರೆ ನಷ್ಟ ಅಲ್ಪ. ಆದ್ದರಿಂದಲೇ ಈ ಪ್ರತಿರೋಧ ಸುಲಭವಾಗಿ ಹುಟ್ಟುತ್ತದೆ. ಈ ಗುಂಪಿನ ಒಂದು ಔಷಧಕ್ಕೆ ಜಗ್ಗದ ತಳಿ ಸಾಮಾನ್ಯವಾಗಿ ಅದರ ಸೋದರ ಔಷಧಗಳಿಗೂ ಜಗ್ಗುವುದಿಲ್ಲ.

ಕ್ಲಾರಿತ್ರೊಮೈಸಿನ್‌ನ ದಾರಿ ಬೇರೆ. ಅದು ಪ್ರೋಟೀನು ತಯಾರಿಸುವ ರೈಬೋಸೋಮಿಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ರೈಬೋಸೋಮಿನ ಆರ್‌ಎನ್‌ಎಯಲ್ಲಿ 2142 ಅಥವಾ 2143ನೆಯ ಸ್ಥಾನದ ಒಂದೇ ಒಂದು 'ಅಕ್ಷರ' ಬದಲಾದರೆ ಔಷಧಕ್ಕೆ ಅಂಟಲು ಜಾಗವೇ ಇರುವುದಿಲ್ಲ. ಲಿವೊಫ್ಲಾಕ್ಸಸಿನ್ ವಿಷಯದಲ್ಲೂ ಹೀಗೆಯೇ: ಡಿಎನ್‌ಎಯ ಸುರುಳಿಯನ್ನು ನಿರ್ವಹಿಸುವ ಕಿಣ್ವದಲ್ಲಿ ಒಂದು ಬದಲಾವಣೆ ಸಾಕು. ಟೆಟ್ರಾಸೈಕ್ಲಿನ್‌ನಿಂದ ಪೂರ್ತಿ ತಪ್ಪಿಸಿಕೊಳ್ಳಲು ಮಾತ್ರ ಅಕ್ಕಪಕ್ಕದ ಮೂರು ಅಕ್ಷರಗಳು ಒಟ್ಟಿಗೆ ಬದಲಾಗಬೇಕು; ಅಂಥದ್ದು ಅಪರೂಪ.

ಈ ಬ್ಯಾಕ್ಟೀರಿಯಕ್ಕೆ ಏಕಕಾಲದಲ್ಲಿ ಹಲವು ಔಷಧ ಕೊಡುವುದೇಕೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಒಂದು ಔಷಧವನ್ನು ತಾಳಿಕೊಳ್ಳುವ ಜೀವಿ ಒಂದು ಕೋಟಿಯಲ್ಲಿ ಒಂದು ಹುಟ್ಟುತ್ತದೆ ಎಂದಿಟ್ಟುಕೊಳ್ಳಿ. ಎರಡನೆಯ ಔಷಧಕ್ಕೂ ಹಾಗೆಯೇ. ಎರಡನ್ನೂ ತಾಳಿಕೊಳ್ಳುವಂಥದು ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟರಲ್ಲಿ ಒಂದು. ಜಠರದಲ್ಲಿ ಅಷ್ಟು ಬ್ಯಾಕ್ಟೀರಿಯಗಳೇ ಇರುವುದಿಲ್ಲ. ಆದರೆ ಮೊದಲ ಔಷಧಕ್ಕೆ ಬ್ಯಾಕ್ಟೀರಿಯ ಆಗಲೇ ಒಗ್ಗಿಹೋಗಿದ್ದರೆ? ಎರಡು ಔಷಧ ಕೊಟ್ಟರೂ ಕೆಲಸ ಮಾಡುವುದು ಒಂದೇ. ಲೆಕ್ಕ ಮತ್ತೆ ಒಂದು ಕೋಟಿಗೆ ಇಳಿಯುತ್ತದೆ.

ಭಾರತದಲ್ಲಿ, ಕರ್ನಾಟಕದಲ್ಲಿ

1990ರ ದಶಕದಲ್ಲಿ ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಂಥ ಔಷಧದ ಜೊತೆಗೆ ಎರಡು ಪ್ರತಿಜೈವಿಕಗಳನ್ನು, ಅಂದರೆ ಎರಡು ಆ್ಯಂಟಿಬಯಾಟಿಕ್‌ಗಳನ್ನು, ಒಂದು ವಾರ ಕೊಡುವ 'ತ್ರಿವಳಿ ಚಿಕಿತ್ಸೆ' ಜಗತ್ತಿನಾದ್ಯಂತ ರೂಢಿಗೆ ಬಂತು. ಕ್ಲಾರಿತ್ರೊಮೈಸಿನ್, ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಇವುಗಳಲ್ಲಿ ಯಾವುದಾದರೂ ಎರಡು. ಮೊದಮೊದಲು ಬಹುಪಾಲು ರೋಗಿಗಳು ಗುಣವಾದರು.

ಭಾರತದ ಸ್ಥಿತಿ ಏನೆಂದು ತಿಳಿಸಿದ ಮುಖ್ಯ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಲಖನೌ, ದೆಹಲಿ, ಚಂಡೀಗಡ, ಹೈದರಾಬಾದ್ ಮತ್ತು ಚೆನ್ನೈ ನಗರಗಳಲ್ಲಿ ಎಂಡೋಸ್ಕೋಪಿಗೆ ಬಂದ ರೋಗಿಗಳಿಂದ 259 ತಳಿಗಳನ್ನು ಸಂಗ್ರಹಿಸಲಾಗಿತ್ತು. ಹುಣ್ಣಿಲ್ಲದೆ ಬರಿಯ ಅಜೀರ್ಣವಿದ್ದವರೂ ಅವರಲ್ಲಿದ್ದರು. ಶೇಕಡ 77.9ರಷ್ಟು ತಳಿಗಳು ಮೆಟ್ರೊನಿಡಜೋಲನ್ನೂ, 44.7ರಷ್ಟು ಕ್ಲಾರಿತ್ರೊಮೈಸಿನ್ನನ್ನೂ, 32.8ರಷ್ಟು ಅಮಾಕ್ಸಿಸಿಲಿನ್ನನ್ನೂ ಪ್ರತಿರೋಧಿಸಿದವು. ಮೊದಲ ಅಂಕಿಯನ್ನು ಯುರೋಪಿನ 27.5ರ ಪಕ್ಕದಲ್ಲಿಟ್ಟು ನೋಡಿ. ಎರಡು ಅಂಕಿಗಳ ನಡುವಿನ ಅಂತರ ನಮ್ಮ ಔಷಧ ಬಳಕೆಯ ಚರಿತ್ರೆಯನ್ನೇ ಹೇಳುತ್ತದೆ.

ಆ ಐದು ನಗರಗಳಲ್ಲಿ ಕರ್ನಾಟಕದ್ದು ಯಾವುದೂ ಇರಲಿಲ್ಲ. ಆ ಕೊರತೆಯನ್ನು ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸಂಶೋಧಕರು ನೀಗಿದರು. ಪರ್ತ್ ನಗರದಲ್ಲಿರುವ ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯದವರ ಸಹಯೋಗದಲ್ಲಿ ಅವರು ನಡೆಸಿದ ಅಧ್ಯಯನ 2019ರಲ್ಲಿ 'ಗಟ್ ಪ್ಯಾಥೋಜೆನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯವನ್ನು ಮೊದಲು ಬೆಳೆಸಿದ ಊರಿನವರೇ ನಮ್ಮ ರೋಗಿಗಳ ಬ್ಯಾಕ್ಟೀರಿಯವನ್ನು ಪರೀಕ್ಷಿಸಲು ಜೊತೆಯಾದರು. ಕರ್ನಾಟಕದ ರೋಗಿಗಳಿಂದ ದೊರೆತ ತಳಿಗಳಲ್ಲಿ ಮೆಟ್ರೊನಿಡಜೋಲ್ ಮತ್ತು ಲಿವೊಫ್ಲಾಕ್ಸಸಿನ್‌ಗೆ ಪ್ರತಿರೋಧ ಹೆಚ್ಚು, ಕ್ಲಾರಿತ್ರೊಮೈಸಿನ್‌ಗೆ ಮಧ್ಯಮ ಪ್ರಮಾಣದ್ದು ಎಂದು ತಿಳಿಯಿತು. ಅದು 'ಪ್ರಾಥಮಿಕ' ಪ್ರತಿರೋಧವೆಂಬುದನ್ನು ಗಮನಿಸಿ. ಅಂದರೆ ಈ ಬ್ಯಾಕ್ಟೀರಿಯಕ್ಕೆಂದು ಚಿಕಿತ್ಸೆ ಪಡೆಯುವ ಮೊದಲೇ ಅದು ಔಷಧವನ್ನು ಎದುರಿಸಲು ಸಿದ್ಧವಾಗಿತ್ತು. ಮೆಟ್ರೊನಿಡಜೋಲ್ ಭೇದಿಯ ಗುಳಿಗೆಯಾದರೆ, ಲಿವೊಫ್ಲಾಕ್ಸಸಿನ್ ಮತ್ತು ಅದರ ಬಂಧುಗಳನ್ನು ಮೂತ್ರದ ಸೋಂಕು, ಕೆಮ್ಮು, ಜ್ವರ ಎಂದು ಧಾರಾಳವಾಗಿ ಬಳಸುತ್ತ ಬಂದಿದ್ದೇವೆ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಔಷಧಗಳು ತುರ್ತಾಗಿ ಬೇಕಾದ ಬ್ಯಾಕ್ಟೀರಿಯಗಳ ಪಟ್ಟಿ ಮಾಡಿದಾಗ, ಕ್ಲಾರಿತ್ರೊಮೈಸಿನ್‌ಗೆ ಜಗ್ಗದ ಈ ಜಠರದ ಬ್ಯಾಕ್ಟೀರಿಯ 'ಹೆಚ್ಚಿನ ಆದ್ಯತೆ'ಯ ಗುಂಪಿನಲ್ಲಿತ್ತು. 2024ರ ಪರಿಷ್ಕೃತ ಪಟ್ಟಿಯಲ್ಲಿ ಅದಿಲ್ಲ. ಹಾಗೆಂದು ಪ್ರತಿರೋಧ ಮಾಯವಾಗಿಲ್ಲ. ವೈದ್ಯರು ಚಿಕಿತ್ಸೆಯ ಕ್ರಮವನ್ನೇ ಬದಲಿಸಬೇಕಾಗಿದೆ. ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಮತ್ತು ಆಮ್ಲ ತಗ್ಗಿಸುವ ಔಷಧ ಈ ನಾಲ್ಕನ್ನೂ 14 ದಿನ ಕೊಡುವ ಕ್ರಮಕ್ಕೆ ಈಗ ಮನ್ನಣೆಯಿದೆ. ಇದರಲ್ಲೊಂದು ಸಮಾಧಾನದ ಸಂಗತಿಯಿದೆ. ಕ್ಲಾರಿತ್ರೊಮೈಸಿನ್‌ಗೆ ಹುಟ್ಟಿದ ಪ್ರತಿರೋಧವನ್ನು ಪ್ರಮಾಣ ಹೆಚ್ಚಿಸಿ ಗೆಲ್ಲಲಾಗದು. ಮೆಟ್ರೊನಿಡಜೋಲ್‌ನದನ್ನು ಸಾಕಷ್ಟು ಪ್ರಮಾಣ, ಪೂರ್ತಿ ಎರಡು ವಾರ ಮತ್ತು ಬಿಸ್ಮತ್‌ನ ನೆರವಿನಿಂದ ಬಹುಮಟ್ಟಿಗೆ ಮೀರಬಹುದು. ಆದರೆ 14 ದಿನ, ದಿನಕ್ಕೆ ಹಲವು ಗುಳಿಗೆ, ಬಾಯಲ್ಲಿ ಲೋಹದ ರುಚಿ, ವಾಕರಿಕೆ. ಕೂಲಿಗೆ ಹೋಗುವವರಿಗೆ, ಹೊಲದ ಕೆಲಸವಿರುವವರಿಗೆ ಇದು ಸುಲಭವಲ್ಲ. ಅರ್ಧಕ್ಕೆ ಬಿಟ್ಟರೆ ಉಳಿಯುವುದು ಗಟ್ಟಿ ವಾತಾಪಿಯೇ.

ನಾವು ಮಾಡಬಹುದಾದದ್ದು

ಮತ್ತೆ ಜಾತ್ರೆಯ ಮರುದಿನಕ್ಕೆ ಬರೋಣ. ಹೊಟ್ಟೆ ಕೆಟ್ಟಾಗ ಏನು ಮಾಡಬೇಕು?

ನೀರಿನಂಥ ಭೇದಿಗೆ ಮೊದಲ ಚಿಕಿತ್ಸೆ ಗುಳಿಗೆಯಲ್ಲ. ಉಪ್ಪು, ಸಕ್ಕರೆ, ನೀರಿನ ಜೀವಜಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಾಬಿಸ್ ಇಂಥ ದ್ರಾವಣವನ್ನೇ ಕುಡಿಸಿ, ಸಾವಿನ ಪ್ರಮಾಣವನ್ನು ಶೇಕಡ 4ಕ್ಕಿಂತ ಕೆಳಕ್ಕೆ ಇಳಿಸಿದರು. ರಕ್ತ ಬೆರೆತ ಭೇದಿಯಾದರೆ, ಜ್ವರ ಬಿಡದಿದ್ದರೆ, ಮಗು ಸುಸ್ತಾಗಿ ನೀರನ್ನೂ ಕುಡಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆಗ ಅಗತ್ಯವಾದ ಔಷಧವನ್ನು ಅವರೇ ಬರೆದುಕೊಡುತ್ತಾರೆ.

ಅಜೀರ್ಣ ವಾರಗಟ್ಟಲೆ ಕಾಡಿದರೆ ಅಂಗಡಿಯ ಗುಳಿಗೆಯಿಂದ ಅದನ್ನು ಮುಚ್ಚಿಡಬಾರದು. ಎಲ್ಲ ಅಜೀರ್ಣಕ್ಕೂ ಈ ಬ್ಯಾಕ್ಟೀರಿಯ ಕಾರಣವಲ್ಲ. ಮಂಡಿನೋವಿಗೆಂದು ನುಂಗುವ ನೋವಿನ ಗುಳಿಗೆಗಳೂ ಹುಣ್ಣು ಮಾಡುತ್ತವೆ. ಆದ್ದರಿಂದ ಪರೀಕ್ಷೆ ಮೊದಲು, ಔಷಧ ಆಮೇಲೆ. ತೂಕ ಇಳಿಯುವುದು, ಮಲ ಕಪ್ಪಾಗುವುದು, ರಕ್ತವಾಂತಿ, ನುಂಗಲು ಕಷ್ಟ ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರದ ನಂತರ ಬ್ಯಾಕ್ಟೀರಿಯ ಹೋಗಿದೆಯೆ ಎಂದು ಮತ್ತೆ ಪರೀಕ್ಷಿಸುವುದೂ ಚಿಕಿತ್ಸೆಯ ಭಾಗವೇ.

ಮೆಟ್ರೊನಿಡಜೋಲ್ ನಮ್ಮ ಔಷಧ ನಿಯಮಗಳ 'ಎಚ್' ಅನುಸೂಚಿಯಲ್ಲಿದೆ. ಅಂದರೆ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇಂಥ ಔಷಧಗಳ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರ ಕೈಗೊಂಡಿತು. ವಿದ್ಯಾರ್ಥಿಗಳೆ, ನಿಮ್ಮ ಮನೆಯಲ್ಲಿ ಉಳಿದಿರುವ ಗುಳಿಗೆ ಪಟ್ಟಿಗಳನ್ನು ತೆಗೆದು ನೋಡಿ. ಎಷ್ಟರ ಮೇಲೆ ಆ ಗೆರೆಯಿದೆ? ಅವುಗಳಲ್ಲಿ ಚೀಟಿ ಪಡೆದು ತಂದವು ಎಷ್ಟು? ಎಷ್ಟನ್ನು ಅರ್ಧಕ್ಕೆ ಬಿಟ್ಟಿದ್ದಾರೆ? ಗುಳಿಗೆಗಳನ್ನು ಶಾಲೆಗೆ ತರುವುದು ಬೇಡ, ಹೆಸರುಗಳನ್ನಷ್ಟೇ ಬರೆದುಕೊಂಡು ಬನ್ನಿ. ತರಗತಿಯ ಎಲ್ಲರ ಪಟ್ಟಿ ಸೇರಿಸಿದರೆ, ನಿಮ್ಮ ಊರಿನ ಬ್ಯಾಕ್ಟೀರಿಯಗಳು ಯಾವ ಔಷಧಗಳನ್ನು ಎದುರಿಸಲು ಕಲಿಯುತ್ತಿವೆ ಎಂಬುದರ ಅಂದಾಜು ಸಿಗುತ್ತದೆ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾತನಾಡುತ್ತ, ಅರೆಬರೆ ಪ್ರಮಾಣದಲ್ಲಿ ಔಷಧ ತೆಗೆದುಕೊಂಡರೆ ಸೂಕ್ಷ್ಮಜೀವಿಗಳಿಗೆ ಅದನ್ನು ಎದುರಿಸಲು ಕಲಿಸಿದಂತಾಗುತ್ತದೆ ಎಂದು ಎಚ್ಚರಿಸಿದ್ದರು. ನಮ್ಮ ಜಠರದ ಬ್ಯಾಕ್ಟೀರಿಯಕ್ಕೆ ಆ ಪಾಠವನ್ನು ನಾವು ತಿಳಿಯದೆಯೇ ಕಲಿಸಿದೆವು. ಆಗ ಅದು ಅಲ್ಲಿದೆಯೆಂಬುದೇ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಮುಂದಿನ ಬನದ ಹುಣ್ಣಿಮೆಗೆ ಚೊಳಚಗುಡ್ಡಕ್ಕೆ ಹೋದಾಗ ರೊಟ್ಟಿ, ಚಟ್ನಿ, ಮೊಸರನ್ನು ನಿಶ್ಚಿಂತೆಯಿಂದ ಉಣ್ಣಿ. ಹುಣ್ಣಿಗೆ ಖಾರ ಕಾರಣವಲ್ಲ. ಮರುದಿನ ಹೊಟ್ಟೆ ಕೆಟ್ಟರೆ ಆ ಎರಡು ಗುಳಿಗೆಗಳನ್ನು ಕೇಳುವ ಮೊದಲು ಒಂದು ಲೋಟ ಜೀವಜಲ ಕಲಸಿಕೊಂಡು ಕುಡಿಯಿರಿ.